ಮನೆ ಹೋದ ಮೇಲೂ ಬಾಗಿಲು ಬಡಿಯೋರು

ರಾತ್ರಿ ಕಾರ್ಯಕ್ರಮ ಮುಗಿಸಿ ಮುಖದ ಮೇಕಪ್ ಒರೆಸಿಕೊಳ್ಳುತ್ತಾ ಕೂತಿದ್ದೆ. ರಿಸೆಪ್ಷನ್ ಹುಡುಗ ಬಂದು, "ಸಾರ್, ಮಾಲೂರಿನಿಂದ ಒಬ್ಬ ಹೆಂಗಸು ಸಂಜೆಯಿಂದ ಆರು ಸಲ ಫೋನ್ ಮಾಡಿದ್ದಾರೆ, ನಿಮ್ಮ ಹತ್ರಾನೇ ಮಾತಾಡ್ಬೇಕಂತೆ" ಅಂದ. ಸಾಮಾನ್ಯವಾಗಿ ಇಂಥ ಕರೆ ಬಂದರೆ ನಾಳೆ ಅಂತೀವಿ. ಆ ನಾಳೆ ಬರೋದೇ ಇಲ್ಲ. ಅವತ್ತು ಯಾಕೋ ತಗೊಂಡೆ.

"ಸಾರ್, ನಮ್ಮನೆ ಹರಾಜಾಗಿ ಮೂರು ವರ್ಷ ಆಗ್ತಾ ಬಂತು. ಈಗ ಬಾಡಿಗೆ ಮನೇಲಿದ್ದೀವಿ. ಈ ಬಾಡಿಗೆ ಮನೆ ಬಾಗಿಲಿಗೂ ಬಂದು ದುಡ್ಡು ಕೊಡಿ ಅಂತಾರೆ. ಮನೇನೇ ತಗೊಂಡ್ ಮೇಲೆ ಇನ್ನೇನು ಸಾರ್ ಕೊಡ್ಬೇಕು?"

ನೋಡಿ, ಎಂಥ ನ್ಯಾಯವಾದ ಪ್ರಶ್ನೆ! ಮನೆ ಕೊಟ್ಟಾಯ್ತು, ಲೆಕ್ಕ ಮುಗೀತು. ಯಾರಿಗಾದರೂ ಹಾಗೇ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಕಾನೂನಿನಲ್ಲಿ ಹಾಗಿಲ್ಲ. ಆ ಭಾನುವಾರ ನಾನು ಮಾಲೂರಿಗೆ ಹೋದೆ. "ಕ್ಯಾಮೆರಾ ತರ್ಬೇಡಿ ಸಾರ್, ಬೀದಿಯವರೆಲ್ಲಾ ನೋಡಿದ್ದು ಸಾಕಾಗಿದೆ" ಅಂದಿದ್ದರು ಆಕೆ. ಕ್ಯಾಮೆರಾ ಇಲ್ಲದೆ, ನನ್ನ ಜೊತೆ ಓದಿದ ಒಬ್ಬ ವಕೀಲ ಸ್ನೇಹಿತನನ್ನು ಕರಕೊಂಡು ಹೋದೆ. ಅವತ್ತು ಕಲಿತದ್ದನ್ನು ಇಲ್ಲಿ ಹೇಳ್ತೀನಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಈ ಕಥೆ ಒಂದು ಮನೆಯದಲ್ಲ. ಆ ಅಕ್ಕನ ಹೆಸರು ಬರೆಯಲ್ಲ, ಕಂಪನಿಗಳ ಹೆಸರೂ ಬೇಡ.

ಮೊದಲು ಲೆಕ್ಕ ಕೇಳಿ. ಗಂಡ ಟೆಂಪೋ ಓಡಿಸ್ತಾರೆ. ಹಳ್ಳಿಗಳಿಂದ ಟೊಮ್ಯಾಟೊ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹಾಕೋದು. ಹೆಂಡತಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕ್ತಾರೆ. 2017ರಲ್ಲಿ ಒಂದು ಗೃಹಸಾಲ ಕಂಪನಿಯಿಂದ 14 ಲಕ್ಷ ಸಾಲ ಮಾಡಿ ಮನೆ ಕಟ್ಟಿದರು. 2019ರಲ್ಲಿ ಟೆಂಪೋ ಇಂಜಿನ್ ಕೈಕೊಟ್ಟಿತು, ಮಗಳ ಮದುವೆಯೂ ಬಂತು. ಇನ್ನೊಂದು ಫೈನಾನ್ಸ್ ಕಂಪನಿ ಅದೇ ಮನೆಯ ಮೇಲೆ 4 ಲಕ್ಷ ಕೊಟ್ಟಿತು. ಇದೇ ಎರಡನೇ ಅಡಮಾನ. ಜಾಮೀನಿಗೆ ಆಕೆಯ ತಮ್ಮ ಸಹಿ ಹಾಕಿದ. ಅವನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ.

ಆಮೇಲೆ ಕೊರೊನಾ. ಲಾಕ್‌ಡೌನ್‌ನಲ್ಲಿ ಟೆಂಪೋ ನಿಂತಿತು. ಎರಡು ಕಂತು, ನಾಲ್ಕು ಕಂತು, ಆಮೇಲೆ ಎಲ್ಲ ಕಂತೂ ತಪ್ಪಿತು. 2022ರ ಕೊನೆಗೆ ಮೊದಲ ಕಂಪನಿ ಮನೆಯನ್ನು ಹರಾಜು ಹಾಕಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು" ಅಂತ ಹೇಳೋರು ಬಹಳ ಜನ ಇದ್ದಾರೆ. ನಮ್ಮ ಕಡೆ ಬಂದು ನೋಡಿ ಸ್ವಾಮಿ. ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲದ ಜಿಲ್ಲೆ ಇದು. ಸಾವಿರ, ಸಾವಿರದ ಐನೂರು ಅಡಿ ಬೋರ್‌ವೆಲ್ ಕೊರೆಸಿ ನೀರಿಗೆ ಕಾಯೋ ಜನ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅದೇ ಟೊಮ್ಯಾಟೊವನ್ನು ಕೊಳ್ಳೋರಿಲ್ಲದೆ ರಸ್ತೆಗೆ ಸುರಿದ ದಿನಗಳನ್ನೂ ನಾವೇ ಟೀವಿಯಲ್ಲಿ ತೋರಿಸಿದ್ದೀವಿ. ಇಲ್ಲಿ ಹಾಸಿಗೆಯೇ ದಿನಕ್ಕೊಂದು ಅಳತೆ. ಕಾಲು ಎಷ್ಟು ಚಾಚಬೇಕು ಅಂತ ಯಾರು ಹೇಳೋದು?

ಇರಲಿ, ಹರಾಜಿನ ವಿಷಯಕ್ಕೆ ಬರೋಣ.

2002ರಲ್ಲಿ ಬಂದ ಸರ್ಫೇಸಿ ಕಾಯ್ದೆ ಅಂತ ಒಂದಿದೆ. ಅಡಮಾನ ಇಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕೇ ವಶಪಡಿಸಿಕೊಂಡು ಮಾರಬಹುದು. ಸಾಲ ಎನ್‌ಪಿಎ ಆದ ಮೇಲೆ ಮೊದಲು 60 ದಿನದ ನೋಟಿಸ್ ಕೊಡಬೇಕು. ಅದಕ್ಕೆ ನೀವು ಲಿಖಿತ ಆಕ್ಷೇಪಣೆ ಕೊಟ್ಟರೆ 15 ದಿನದೊಳಗೆ ಉತ್ತರ ಕೊಡಬೇಕು. ಆಮೇಲೆ ವಶ, ಆಮೇಲೆ ಮೌಲ್ಯಮಾಪನ, ಪತ್ರಿಕೆಯಲ್ಲಿ ಪ್ರಕಟಣೆ, ಹರಾಜು. ವಶಪಡಿಸಿಕೊಂಡ ಕ್ರಮ ತಪ್ಪು ಅನ್ನಿಸಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬಹುದು. ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳೋ ಹಕ್ಕು ಹರಾಜು ಪ್ರಕಟಣೆ ಹೊರಬೀಳೋವರೆಗೆ ಮಾತ್ರ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಹರಾಜಿನ ದಿನ ದುಡ್ಡು ತಗೊಂಡು ಓಡಿ ಹೋದರೆ ತಡ ಆಗಿರುತ್ತೆ.

ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯ ಆಗಲ್ಲ. ಶ್ರೀನಿವಾಸಪುರದ ಮಾವಿನ ತೋಟದವರು ಇದನ್ನು ನೆನಪಿಟ್ಟುಕೊಳ್ಳಿ. ಹಾಗಂತ ತೋಟ ಯಾವತ್ತೂ ಹರಾಜಾಗಲ್ಲ ಅಂತಲ್ಲ. ಕೋರ್ಟಿನ ಡಿಕ್ರಿ ಮೇಲೆ ಆಗಬಹುದು, ಸಹಕಾರಿ ಸಾಲಕ್ಕೆ ಸಹಕಾರ ಕಾನೂನು ಬೇರೆ ಇದೆ. ಸರ್ಫೇಸಿ ನೋಟಿಸ್ ಹಿಡಿದು ತೋಟಕ್ಕೆ ಬಂದರೆ ಮಾತ್ರ ಸುಮ್ಮನೆ ಕೂರಬೇಡಿ.

ಈಗ ಅಕ್ಕನ ಮನೆಯ ಹರಾಜು. ಮನೆ 16 ಲಕ್ಷ 20 ಸಾವಿರಕ್ಕೆ ಹೋಯ್ತು. ಮೊದಲ ಕಂಪನಿಯ ಬಾಕಿ 15 ಲಕ್ಷ 60 ಸಾವಿರ. ಹರಾಜಿನ ಖರ್ಚು 35 ಸಾವಿರ. ಉಳಿದದ್ದು 25 ಸಾವಿರ. ಕಾಯ್ದೆಯ ಪ್ರಕಾರ ಮಾರಾಟದ ಹಣದಲ್ಲಿ ಮೊದಲು ಖರ್ಚು, ಆಮೇಲೆ ಮಾರಿದ ಸಾಲಗಾರ ಕಂಪನಿಯ ಬಾಕಿ, ಉಳಿದದ್ದು ಯಾರಿಗೆ ಹಕ್ಕಿದೆಯೋ ಅವರಿಗೆ. ಹಕ್ಕಿನಲ್ಲಿ ಮುಂದಿನವರು ಯಾರು? ಎರಡನೇ ಅಡಮಾನದವರು. ಹಾಗಾಗಿ ಆ 25 ಸಾವಿರ ಎರಡನೇ ಕಂಪನಿಗೆ ಹೋಯ್ತು. ಅವರ ಅಸಲು ಬಾಕಿ 3 ಲಕ್ಷ 65 ಸಾವಿರ ಇತ್ತು. 25 ಸಾವಿರ ಕಳೆದು 3 ಲಕ್ಷ 40 ಸಾವಿರ ಉಳೀತು.

ಇಲ್ಲಿ ಒಂದು ಮಾತು. ಎರಡನೇ ಸಾಲ ಕೊಡೋರು ದಡ್ಡರಲ್ಲ. ಮನೆ ಮಾರಿದರೆ ಮೊದಲನೆಯವರು ಉಂಡು ಉಳಿದದ್ದು ಮಾತ್ರ ತಮಗೆ ಅಂತ ಅವರಿಗೆ ಗೊತ್ತಿರುತ್ತೆ. ಅದಕ್ಕೇ ಬಡ್ಡಿ ಜಾಸ್ತಿ, ಜಾಮೀನುದಾರನ ಸಹಿ ಬೇಕು, ಮೇಲೆ ಖಾಲಿ ಚೆಕ್ಕು ಬೇರೆ. ಮನೆ ಹೋದರೂ ಸಾಲ ಹೋಗಲ್ಲ. ಸಾಲ ಮಾಡಿದ್ದು ನೀವು, ಮನೆ ಅದಕ್ಕಿಟ್ಟ ಆಧಾರ ಅಷ್ಟೇ. ಆಧಾರ ಸಾಲದೇ ಹೋದರೆ ಉಳಿದದ್ದನ್ನು ನಿಮ್ಮಿಂದಲೇ ಕೇಳೋ ಹಕ್ಕು ಅವರಿಗಿದೆ. ಅಕ್ಕನ ಪ್ರಶ್ನೆಗೆ ಉತ್ತರ ಇದು. ಕಹಿಯಾಗಿದೆ, ಏನು ಮಾಡೋದು?

ಆದರೆ ಕೇಳೋ ಹಕ್ಕು ಬೇರೆ, ಬಾಗಿಲು ಬಡಿಯೋ ಹಕ್ಕು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೇನೇ ನಮ್ಮ ಜನ ಸಾಯ್ತಾ ಇರೋದು.

ವಸೂಲಿ ಹುಡುಗ ಹಿಡಿದು ತಂದ ಚೀಟಿಯಲ್ಲಿ ಇದ್ದದ್ದು 5 ಲಕ್ಷ 85 ಸಾವಿರ. ಬಡ್ಡಿ, ದಂಡ, ಚೆಕ್ ಬೌನ್ಸ್ ಶುಲ್ಕ, ವಸೂಲಿ ಶುಲ್ಕ ಅಂತೆಲ್ಲಾ ಸೇರಿಸಿ. ಬೆಳಗ್ಗೆ ಆರೂವರೆಗೆ ಹಾಲು ಕರೆಯೋ ಹೊತ್ತಿಗೆ ಬರ್ತಿದ್ದ. ರಾತ್ರಿ ಎಂಟೂವರೆಗೆ ಫೋನ್. ಕೊನೆಗೆ ನರಸಾಪುರಕ್ಕೆ ಹೋಗಿ, ಶಿಫ್ಟ್ ಬಿಡೋ ಹೊತ್ತಿಗೆ ಫ್ಯಾಕ್ಟರಿ ಗೇಟಿನಲ್ಲಿ ನಿಂತು ಆಕೆಯ ತಮ್ಮನ ಹೆಸರು ಹಿಡಿದು ಕೂಗಿದ್ದಾನೆ. "ನಂಗೇನಾದ್ರೂ ಆಗ್ಲಿ ಸಾರ್. ನನ್ನ ತಮ್ಮ ನನ್ನ ಮುಖ ನೋಡಿ ಸಹಿ ಹಾಕ್ದ. ಈಗ ಹಬ್ಬಕ್ಕೂ ನಮ್ಮನೆಗೆ ಬರಲ್ಲ" ಅಂತ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಕೆಗೆ ದುಡ್ಡಿಗಿಂತ ಇದೇ ದೊಡ್ಡ ನೋವು.

ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಸ್ಪಷ್ಟವಾಗಿ ಹೇಳಿದೆ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲ ವಸೂಲಿಗೆ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಮಾನ ಕಳೆಯುವಂತಿಲ್ಲ, ಮನೆಯವರ, ಸ್ನೇಹಿತರ ಖಾಸಗಿ ಬದುಕಿಗೆ ನುಗ್ಗುವಂತಿಲ್ಲ. ಏಜೆಂಟ್ ಏನು ಮಾಡಿದರೂ ಅದಕ್ಕೆ ಜವಾಬ್ದಾರಿ ಸಾಲ ಕೊಟ್ಟ ಕಂಪನಿಯದೇ. "ಅವನು ಹೊರಗಿನ ಏಜೆನ್ಸಿಯವನು, ನಮಗೆ ಸಂಬಂಧ ಇಲ್ಲ" ಅನ್ನೋ ಮಾತು ನಡೆಯಲ್ಲ. ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್ ಸಾಲವಾದರೆ ಸಮಯ ಇನ್ನೂ ಬಿಗಿ: ಬೆಳಗ್ಗೆ 9ರಿಂದ ಸಂಜೆ 6.

ಇನ್ನು ಆ ಹುಡುಗ ಹಾಕಿದ ಬೆದರಿಕೆ. "ಜೈಲಿಗೆ ಹಾಕಿಸ್ತೀವಿ ಕಣಮ್ಮಾ" ಅಂದಿದ್ದನಂತೆ. ಸಾಲ ತೀರಿಸೋಕೆ ಆಗದೇ ಇರೋದು ಅಪರಾಧ ಅಲ್ಲ. ಅದು ಸಿವಿಲ್ ವ್ಯಾಜ್ಯ. ಹಣದ ಡಿಕ್ರಿ ಜಾರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಹೇಳುತ್ತೆ. ಅದೇ ಸಂಹಿತೆಯ 60ನೇ ಕಲಂ ಪ್ರಕಾರ ಅಡುಗೆ ಪಾತ್ರೆ, ಹಾಸಿಗೆ ಬಟ್ಟೆ, ಹೆಂಗಸರ ಮಾಂಗಲ್ಯದಂಥ ಧಾರ್ಮಿಕ ಆಭರಣ, ರೈತನ ನೇಗಿಲು ಎತ್ತು, ಕುಶಲಕರ್ಮಿಯ ಸಲಕರಣೆ ಇವನ್ನು ಜಪ್ತಿ ಮಾಡುವಂತಿಲ್ಲ. ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಭಾಗಕ್ಕೆ ರಕ್ಷಣೆ ಇದೆ. ಅದೂ ಕೋರ್ಟಿನ ಆದೇಶ ಆದ ಮೇಲಿನ ಮಾತು. ಗೇಟಿನಲ್ಲಿ ನಿಂತು ಕೂಗೋನಿಗೆ ಇದ್ಯಾವ ಅಧಿಕಾರವೂ ಇಲ್ಲ.

ಚೆಕ್ಕಿನ ವಿಷಯ ಮಾತ್ರ ಹುಷಾರು. ಸಾಲದ ವೇಳೆ ಕೊಟ್ಟ ಸಹಿ ಹಾಕಿದ ಖಾಲಿ ಚೆಕ್ಕನ್ನು ತುಂಬಿಸಿ ಬ್ಯಾಂಕಿಗೆ ಹಾಕಿ, ಬೌನ್ಸ್ ಆದರೆ 138ನೇ ಕಲಂ ಕೆಳಗೆ ಕ್ರಿಮಿನಲ್ ಕೇಸ್ ಹಾಕೋಕೆ ಬರುತ್ತೆ. ಚೆಕ್ ನೋಟಿಸ್ ಬಂದರೆ ಹಣ ಕಟ್ಟೋಕೆ ಇರೋದು 15 ದಿನ. ಪೋಸ್ಟ್‌ಮ್ಯಾನ್ ತಂದ ಲಕೋಟೆಯನ್ನು "ಮನೇಲಿಲ್ಲ" ಅಂತ ವಾಪಸ್ ಕಳಿಸೋದು ನಮ್ಮಲ್ಲಿ ರೂಢಿ. ದಯವಿಟ್ಟು ಬಿಡಿ. ಲಕೋಟೆ ತಗೊಳ್ಳಿ, ಓದಿಸಿಕೊಳ್ಳಿ. ಮಧ್ಯಸ್ಥಿಕೆ ನೋಟಿಸ್ ಆದರೂ ಅಷ್ಟೇ, ಹೋಗದೇ ಇದ್ದರೆ ನೀವಿಲ್ಲದೇ ತೀರ್ಪಾಗುತ್ತೆ.

ವಕೀಲ ಸ್ನೇಹಿತ ಕಾಗದಗಳನ್ನೆಲ್ಲಾ ಚಾಪೆ ಮೇಲೆ ಹರಡಿಕೊಂಡ. ಒಂದು ಪ್ರಶ್ನೆ ಕೇಳಿದ: "ಅಮ್ಮಾ, ಕೊನೇ ಕಂತು ಕಟ್ಟಿದ್ದು ಯಾವಾಗ?"

"2021ರ ಫೆಬ್ರವರಿ ಅಣ್ಣಾ."

ಅವನು ಯಾಕೆ ಕೇಳಿದ ಅಂದರೆ, ಸಾಲದ ದಾವೆಗೆ ಒಂದು ಗಡುವಿದೆ. 1963ರ ಕಾಲಮಿತಿ ಕಾಯ್ದೆ ಪ್ರಕಾರ ವ್ಯಕ್ತಿಯಿಂದ ಹಣ ವಸೂಲಿಗೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಅಡಮಾನದ ಆಸ್ತಿಯಿಂದಲೇ ವಸೂಲಿ ಮಾಡೋಕೆ 12 ವರ್ಷ ಇದೆ. ಇಲ್ಲಿ ಆಸ್ತಿ ಹೋಗಿದೆಯಲ್ಲಾ, ಉಳಿದದ್ದು ವ್ಯಕ್ತಿ ಮಾತ್ರ. ಕೊರೊನಾ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಗಡುವಿನ ಲೆಕ್ಕಕ್ಕೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿಂದ ಮೂರು ವರ್ಷ ಎಣಿಸಿ. 2025ರ ಫೆಬ್ರವರಿ ಕೊನೆಗೆ ಮುಗಿಯುತ್ತೆ. ಎಣಿಕೆ ನಿಖರವಾಗಿ ಯಾವ ದಿನದಿಂದ ಅನ್ನೋದು ಒಪ್ಪಂದದ ಷರತ್ತಿನ ಮೇಲೆ ನಿಂತಿರುತ್ತೆ, ಅದನ್ನು ವಕೀಲರಿಂದಲೇ ತಿಳ್ಕೋಬೇಕು. ನಾವು ಹೋದದ್ದು ಅದಾದ ಮೇಲೆ. ನನಗೆ ಒಳಗೊಳಗೇ ಖುಷಿ ಆಯ್ತು. ಇನ್ನೇನು, ಕೇಸೇ ನಿಲ್ಲಲ್ಲ ಅಂದುಕೊಂಡೆ.

ಅಷ್ಟರಲ್ಲಿ ಅವನ ಕೈಗೆ ಒಂದು ಹಾಳೆ ಸಿಕ್ಕಿತು. ಇಂಗ್ಲಿಷಿನಲ್ಲಿತ್ತು. ಕೆಳಗೆ ಗಂಡ ಹೆಂಡತಿ ಇಬ್ಬರದೂ ಕನ್ನಡದ ಸಹಿ. ತಾರೀಕು 2023ರ ನವೆಂಬರ್.

"ಇದೇನಮ್ಮಾ?"

"ಆ ಹುಡುಗ ಬಂದಿದ್ದ ಅಣ್ಣಾ. ನಾನು ನಿಮ್ಮನೆಗೆ ಬಂದಿದ್ದೆ ಅಂತ ಆಫೀಸಿಗೆ ತೋರಿಸ್ಬೇಕು, ಒಂದು ಸಹಿ ಹಾಕಿ ಅಂದ. ಅವನ ಹೊಟ್ಟೆಪಾಡಲ್ವಾ ಅಂತ ಹಾಕಿದ್ವಿ. ಟೀನೂ ಕೊಟ್ಟೆ."

ಆ ಹಾಳೆಯಲ್ಲಿ ಬರೆದಿದ್ದದ್ದು, ಇಷ್ಟು ಸಾಲ ಬಾಕಿ ಇರೋದು ನಿಜ ಅಂತ ಒಪ್ಪಿಕೊಂಡಿದ್ದೇವೆ ಅಂತ. ಕಾಲಮಿತಿ ಕಾಯ್ದೆಯ 18ನೇ ಕಲಂ ಪ್ರಕಾರ ಗಡುವು ಮುಗಿಯೋ ಮೊದಲು ಹೀಗೆ ಬರೆದುಕೊಟ್ಟರೆ ಅವತ್ತಿನಿಂದ ಹೊಸದಾಗಿ ಮೂರು ವರ್ಷ ಶುರು. ಅಂದರೆ 2026ರ ನವೆಂಬರ್‌ವರೆಗೆ ಸಾಲಕ್ಕೆ ಜೀವ ಬಂತು. ಒಂದು ಲೋಟ ಟೀ ಕೊಟ್ಟು, ಒಂದು ಸಹಿ ಹಾಕಿ.

ಕೇಳಿ ಬಂಧುಗಳೇ, ಇದನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ಗಡುವಿನೊಳಗೆ ಐನೂರು ರೂಪಾಯಿ ಕಟ್ಟಿದರೂ, ಅದು ನಿಮ್ಮ ಕೈಬರಹದಲ್ಲೋ ಸಹಿಯಲ್ಲೋ ದಾಖಲಾದರೆ ಲೆಕ್ಕ ಹೊಸದಾಗಿ ಶುರುವಾಗುತ್ತೆ. ಗಡುವು ಮುಗಿದ ಸಾಲಕ್ಕೂ "ಕೊಡ್ತೀನಿ" ಅಂತ ಬರೆದು ಸಹಿ ಹಾಕಿದರೆ, 1872ರ ಕರಾರು ಕಾಯ್ದೆಯ 25ನೇ ಕಲಂ ಪ್ರಕಾರ ಅದು ಹೊಸ ಕರಾರು. ಅದಕ್ಕೆ ನಿಮಗೆ ಓದೋಕೆ ಬರದ ಭಾಷೆಯ ಕಾಗದಕ್ಕೆ ಸಹಿ ಬೇಡ. "ಓದಿಸಿ ನಾಳೆ ಹೇಳ್ತೀನಿ" ಅನ್ನಿ. ನಾಳೆವರೆಗೆ ಕಾಯದವನು ನಿಮ್ಮ ಒಳ್ಳೇದಕ್ಕೆ ಬಂದವನಲ್ಲ.

ಈಗ ದಾರಿ ಏನು? ಮೂರಿತ್ತು. ಒಂದು, ಅವರು ದಾವೆ ಹಾಕಲಿ ಅಂತ ಕೋರ್ಟಿನಲ್ಲಿ ಹೊಡೆದಾಡೋದು. ಬಾಕಿ 20 ಲಕ್ಷಕ್ಕಿಂತ ಕಡಿಮೆ ಇರೋದರಿಂದ ಡಿಆರ್‌ಟಿ ಅಲ್ಲ, ಸಿವಿಲ್ ಕೋರ್ಟ್. ವರ್ಷಗಟ್ಟಲೆ ಎಳೆಯುತ್ತೆ, ಅಷ್ಟೂ ದಿನ ತಮ್ಮನ ಹೆಸರೂ ಕೇಸಿನಲ್ಲಿರುತ್ತೆ. ಜಾಮೀನುದಾರನ ಹೊಣೆ ಸಾಲಗಾರನಷ್ಟೇ, ಕಾನೂನಿನಲ್ಲಿ ಒಂದು ಕೂದಲೆಳೆಯೂ ಕಡಿಮೆ ಇಲ್ಲ. ಎರಡು, ಪೂರ್ತಿ ಕಟ್ಟೋದು. ಅದು ಆಗದ ಮಾತು. ಮೂರು, ರಾಜಿ.

"ಏನ್ ಮಾಡ್ತೀರಮ್ಮಾ?" ಅಂದೆ.

"ತಿಂದ ಋಣ ಸಾರ್. ಕೊಡಲ್ಲ ಅನ್ನಲ್ಲ. ಕೊಡೋಷ್ಟು ಕೊಟ್ಟು, ನನ್ನ ತಮ್ಮನ ಹೆಸರು ಬಿಡಿಸ್ಕೊಡಿ. ಸಾಕು."

ಕಾನೂನಿನ ಪುಸ್ತಕ ಹಿಡಿದು ಹೋದ ನಮಗೆ ದಾರಿ ತೋರಿಸಿದ್ದು ಆಕೆಯ ಈ ಮಾತು. ರಾಜಿ ಮಾಡಿಸಿದ ಕ್ರಮವನ್ನು ಒಂದೊಂದಾಗಿ ಹೇಳ್ತೀನಿ.

ಮೊದಲನೆಯದು, ಎದುರಿಗಿರೋನು ಯಾರು ಅಂತ ಕೇಳಿದ್ವಿ. ಬಂದವನು ಕಂಪನಿ ನೇಮಿಸಿದ ಏಜೆಂಟಾ, ಅಥವಾ ಸಾಲವನ್ನೇ ಕೊಂಡುಕೊಂಡ ಬೇರೆ ಸಂಸ್ಥೆಯವನಾ? ಬ್ಯಾಂಕು, ಫೈನಾನ್ಸ್ ಕಂಪನಿಗಳು ಕೆಟ್ಟ ಸಾಲವನ್ನು ಆಸ್ತಿ ಪುನರ್ರಚನಾ ಕಂಪನಿಗಳಿಗೆ ಮಾರಬಹುದು. ಮಾರಿದ್ದರೆ ವರ್ಗಾವಣೆ ಪತ್ರ ತೋರಿಸಬೇಕು. ಏಜೆಂಟ್ ಆಗಿದ್ದರೆ ಅಧಿಕಾರ ಪತ್ರ, ಗುರುತಿನ ಚೀಟಿ ತೋರಿಸಬೇಕು. ಈ ಹುಡುಗ ಏಜೆಂಟ್ ಮಾತ್ರ ಆಗಿದ್ದ. ಸಾಲ ಇನ್ನೂ ಕಂಪನಿಯ ಹೆಸರಿನಲ್ಲೇ ಇತ್ತು. ಹಾಗಾದರೆ ಬಡ್ಡಿ ಬಿಡೋ ಅಧಿಕಾರ ಅವನಿಗಿಲ್ಲ, ಕಂಪನಿಗೆ ಮಾತ್ರ. ನಾವು ನೇರವಾಗಿ ಕಂಪನಿಗೇ ಬರೆದ್ವಿ.

ಎರಡನೆಯದು, ಲೆಕ್ಕ ಕೇಳಿದ್ವಿ. ಸಾಲದ ಖಾತೆಯ ಪೂರ್ತಿ ಪಟ್ಟಿ. ಅಸಲೆಷ್ಟು, ಬಡ್ಡಿ ಎಷ್ಟು, ದಂಡ ಎಷ್ಟು, ಹರಾಜಿನಿಂದ ಬಂದ 25 ಸಾವಿರ ಎಲ್ಲಿ ಜಮೆ ಆಗಿದೆ? ನೋಡಿದರೆ ಆ 25 ಸಾವಿರ ಜಮೆಯೇ ಆಗಿರಲಿಲ್ಲ! ಮೊದಲ ಕಂಪನಿಯಿಂದ ಹರಾಜಿನ ಲೆಕ್ಕ ತರಿಸಿ ತೋರಿಸಿದ ಮೇಲೆ ಸರಿ ಮಾಡಿದರು. ಮನೆ ಹರಾಜಾದವರೆಲ್ಲಾ ಈ ಲೆಕ್ಕ ಬರೆದು ಕೇಳಿ. ಹೆಚ್ಚು ಉಳಿದಿದ್ದರೆ ಅದು ನಿಮ್ಮ ದುಡ್ಡು.

ಮೂರನೆಯದು, ಕಿರುಕುಳದ ದೂರು. ಫೋನ್ ಬಂದ ಸಮಯ, ಗೇಟಿನಲ್ಲಿ ಕೂಗಿದ ದಿನ ಎಲ್ಲಾ ಬರೆದು ಕಂಪನಿಯ ದೂರು ಅಧಿಕಾರಿಗೆ ಕಳಿಸಿದ್ವಿ. 30 ದಿನದಲ್ಲಿ ಉತ್ತರ ಬರದೇ ಇದ್ದರೆ, ಬಂದ ಉತ್ತರ ಸರಿ ಇಲ್ಲದೇ ಇದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ, ಸಹಾಯವಾಣಿ 14448. ಗೃಹಸಾಲ ಕಂಪನಿ ಮೇಲಿನ ದೂರು ಮಾತ್ರ ರಾಷ್ಟ್ರೀಯ ವಸತಿ ಬ್ಯಾಂಕಿಗೆ. ದೂರು ಹೋದ ವಾರದಲ್ಲೇ ಆ ಹುಡುಗ ಬರೋದು ನಿಲ್ಲಿಸಿದ. ಅವನ ಮೇಲೆ ನನಗೆ ಅಂಥ ಸಿಟ್ಟಿಲ್ಲ ಬಿಡಿ. ಅವನೂ ಯಾರದೋ ಮನೆ ಮಗ, ತಿಂಗಳ ಗುರಿ ಮುಟ್ಟಿಸದಿದ್ದರೆ ಅವನಿಗೂ ಸಂಬಳ ಇಲ್ಲ.

ನಾಲ್ಕನೆಯದು, ಕೈಯಲ್ಲಿ ಎಷ್ಟಿದೆ ಅಂತ ನೋಡಿದ್ದು. ಅಕ್ಕ ಒಂದು ಹಸು ಮಾರೋಕೆ ತಯಾರಿದ್ದರು. ಚೀಟಿ ಎತ್ತಿದರೆ ಒಂದಷ್ಟು. "ಉಳಿದದ್ದಕ್ಕೆ ಸಂಘದಲ್ಲಿ ಸಾಲ ತಗೋತೀನಿ" ಅಂದರು. ಬೇಡವೇ ಬೇಡ ಅಂದ್ವಿ. ಹಳೇ ಸಾಲ ತೀರಿಸೋಕೆ ಹೊಸ ಸಾಲ, ಅದರ ಕಂತಿಗೆ ಇನ್ನೊಂದು ಸಂಘ. ಈ ಸುಳಿಯಲ್ಲಿ ನಮ್ಮ ಜಿಲ್ಲೆಯ ಎಷ್ಟು ಹೆಂಗಸರು ಮುಳುಗಿಲ್ಲ? 2009ರಲ್ಲಿ ಕೋಲಾರ ಪಟ್ಟಣದಲ್ಲಿ ಕಿರುಸಾಲದ ಕಂತು ಕಟ್ಟಬೇಡಿ ಅಂತ ಸಮುದಾಯದ ಮುಖಂಡರೇ ಕರೆ ಕೊಟ್ಟಿದ್ದರು. ಒಬ್ಬೊಬ್ಬರ ಹೆಸರಲ್ಲಿ ನಾಲ್ಕಾರು ಸಾಲ ಇದ್ದ ಕಾಲ ಅದು. ಹದಿನಾರು ವರ್ಷ ಕಳೆದು 2025ರ ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ. ಒಳ್ಳೇದು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯಿಂದ ತಗೊಂಡ ಸಾಲ ಇದರಿಂದ ಮನ್ನಾ ಆಗಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲಾ ಸೇರಿಸಿ 1 ಲಕ್ಷ 20 ಸಾವಿರ ಹೊಂದುತ್ತೆ ಅಂತ ಗೊತ್ತಾಯ್ತು. ಮಾತು 80 ಸಾವಿರದಿಂದ ಶುರು ಮಾಡಿದ್ವಿ. ಕಂಪನಿಯವರು ಸರಿಪಡಿಸಿದ ಅಸಲು 3 ಲಕ್ಷ 40 ಸಾವಿರ ಕೊಡಿ, ಬಡ್ಡಿ ಬಿಡ್ತೀವಿ ಅಂದರು. "ಇವತ್ತು ಸಂಜೆಯೊಳಗೆ ಕಟ್ಟಿದರೆ ಮಾತ್ರ ಈ ಆಫರ್" ಅನ್ನೋ ಮಾತೂ ಬಂತು. ಈ ಸಂಜೆ ಗಡುವಿಗೆ ಹೆದರಬೇಡಿ. ಇವತ್ತು ಸಿಗೋ ರಿಯಾಯಿತಿ ಮುಂದಿನ ತಿಂಗಳೂ ಸಿಗಬಹುದು. ಆಸ್ತಿ ಹೋಗಿ, ಆಧಾರ ಇಲ್ಲದೆ ಉಳಿದ ಸಾಲಕ್ಕೆ ಕೋರ್ಟಿಗೆ ಹೋಗೋ ಖರ್ಚು ಅವರಿಗೂ ಗೊತ್ತು. ರಾಜಿ ಹೇಗೆ ಮಾಡಬೇಕು ಅನ್ನೋದಕ್ಕೆ ಪ್ರತಿ ಸಂಸ್ಥೆಯಲ್ಲೂ ಆಡಳಿತ ಮಂಡಳಿ ಒಪ್ಪಿದ ನೀತಿ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಹೇಳಿದೆ. ರಾಜಿ ಕೇಳೋದು ಭಿಕ್ಷೆ ಅಲ್ಲ. ಆದಾಯ, ಆಸ್ಪತ್ರೆ ಖರ್ಚು, ಬಾಡಿಗೆ, ಎಲ್ಲದರ ಚೀಟಿ ಇಟ್ಟು ಬರೆದ್ವಿ. ಮೂರು ಸುತ್ತಿನ ಪತ್ರ ಓಡಾಡಿ 1 ಲಕ್ಷ 35 ಸಾವಿರಕ್ಕೆ ನಿಂತಿತು. ಮೊದಲು 50 ಸಾವಿರ, 60 ದಿನದಲ್ಲಿ 85 ಸಾವಿರ. ಹೆಚ್ಚಾದ 15 ಸಾವಿರ ಎಲ್ಲಿಂದ ಬಂತು ಅಂತ ಆಮೇಲೆ ಹೇಳ್ತೀನಿ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಕಾಗದ ಕೈಗೆ ಬರೋವರೆಗೆ ಒಂದು ರೂಪಾಯಿಯೂ ಕೊಡಲಿಲ್ಲ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ, ಸಾಲದ ಖಾತೆ ಸಂಖ್ಯೆ ಹಾಕಿ, ಇಷ್ಟು ಹಣ ಇಷ್ಟು ದಿನದೊಳಗೆ ಕಟ್ಟಿದರೆ ಪೂರ್ತಿ ಸಾಲ ತೀರಿತು ಅಂತ ಬರೆದಿರಬೇಕು. ಉಳಿದ ಮೊತ್ತವನ್ನು ಬೇರೆ ಯಾರಿಗೂ ಮಾರಲ್ಲ, ಜಾಮೀನುದಾರನೂ ಬಿಡುಗಡೆ, ಖಾಲಿ ಚೆಕ್ಕುಗಳು ವಾಪಸ್, ಬ್ಯಾಂಕ್ ಖಾತೆಯಿಂದ ಕಂತು ಎಳೆಯೋ ಒಪ್ಪಿಗೆ ರದ್ದು, ಕೇಸಿದ್ದರೆ ವಾಪಸ್ ಅಂತಲೂ ಇರಬೇಕು. ಮೊದಲು ಬಂದ ಪತ್ರದಲ್ಲಿ ಜಾಮೀನುದಾರನ ಮಾತೇ ಇರಲಿಲ್ಲ. ವಾಪಸ್ ಕಳಿಸಿದ್ವಿ. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲಾ? ಹಣ ಕಟ್ಟಿದ್ದು ಕಂಪನಿಯ ಸಾಲದ ಖಾತೆಗೆ, ಬ್ಯಾಂಕ್ ಮೂಲಕ. ಏಜೆಂಟ್‌ನ ಫೋನ್ ನಂಬರಿಗೆ ಹಾಕಿದ ದುಡ್ಡಿಗೆ ಯಾರೂ ಜವಾಬ್ದಾರರಲ್ಲ.

ಕೇಸ್ ಇರೋರಿಗೆ, ಇಲ್ಲದೇ ಇರೋರಿಗೂ, ಇನ್ನೊಂದು ಒಳ್ಳೇ ಜಾಗ ಇದೆ. ಲೋಕ ಅದಾಲತ್. ಕೋಲಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ದಾವೆ ಹಾಕೋ ಮೊದಲೇ ಅಲ್ಲಿ ರಾಜಿಗೆ ಅರ್ಜಿ ಕೊಡಬಹುದು. ಅಲ್ಲಾದ ರಾಜಿಗೆ ಕೋರ್ಟ್ ಡಿಕ್ರಿಯ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಫೋನ್ 15100. ನನ್ನಂಥ ಟೀವಿಯವನ ಪರಿಚಯ ಇಲ್ಲದಿದ್ದರೂ ಈ ಬಾಗಿಲು ತೆರೆದೇ ಇರುತ್ತೆ.

ಕೊನೆಯದಾಗಿ ಸಿಬಿಲ್. ಪೂರ್ತಿ ಕಟ್ಟಿದರೆ ದಾಖಲೆಯಲ್ಲಿ 'ಕ್ಲೋಸ್ಡ್' ಅಂತ ಬರುತ್ತೆ, ರಾಜಿಯಾದರೆ 'ಸೆಟಲ್ಡ್' ಅಂತ. ಇದು ವರ್ಷಗಟ್ಟಲೆ ಇರುತ್ತೆ, ಮುಂದೆ ಸಾಲ ಸಿಗೋದು ಕಷ್ಟ. ರಾಜಿಗೆ ತೆರೋ ಬೆಲೆ ಅದು, ಮುಚ್ಚಿಡಲ್ಲ. ಆದರೆ ಹಣ ಕಟ್ಟಿಯೂ ಬಾಕಿ ಅಂತಲೇ ತೋರಿಸ್ತಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ.

ಈಗ ಆ 15 ಸಾವಿರ. ಕೊನೇ ಕಂತು ಕಟ್ಟೋ ಹಿಂದಿನ ದಿನ ಆಕೆಯ ತಮ್ಮ ನರಸಾಪುರದಿಂದ ಬಂದನಂತೆ. ಎರಡು ವರ್ಷದ ಮೇಲೆ ಅಕ್ಕನ ಮನೆ ಹೊಸ್ತಿಲು ತುಳಿದಿದ್ದ. "ಜಾಮೀನು ಹಾಕಿದ್ಮೇಲೆ ನಂದೂ ಪಾಲಿದೆ ಅಕ್ಕಾ" ಅಂತ ದುಡ್ಡು ಇಟ್ಟು, ಊಟ ಮಾಡಿಕೊಂಡು ಹೋದನಂತೆ. ಇದನ್ನು ಫೋನಿನಲ್ಲಿ ಹೇಳೋವಾಗ ಆಕೆ ಅತ್ತರು. ಅಷ್ಟು ದಿನದಲ್ಲಿ ನಾನು ಕೇಳಿದ ಬೇರೆ ಅಳು ಅದು.

ನಾನೂ ಒಂದು ಮಾತು ಒಪ್ಕೋಬೇಕು. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ಸುದ್ದಿ ಬಂದಾಗ ನಾವು ಅಳೋ ಹೆಂಗಸರ ಮುಖವನ್ನು ಇಡೀ ದಿನ ತೋರಿಸಿದ್ವಿ. 56ನೇ ಕಲಂ ಏನು ಹೇಳುತ್ತೆ, 15100 ಅಂದರೇನು ಅಂತ ಒಂದು ನಿಮಿಷ ಹೇಳಲಿಲ್ಲ. ಕಣ್ಣೀರಿಗೆ ಟಿಆರ್‌ಪಿ ಇದೆ, ಕಲಮಿಗಿಲ್ಲ. ಆ ಸಾಲ ನನ್ನ ಮೇಲಿತ್ತು. ಇವತ್ತು ಅದರಲ್ಲಿ ಒಂದು ಕಂತು ಕಟ್ಟಿದ್ದೀನಿ.

ನಿಮ್ಮ ಬಾಗಿಲನ್ನು ಯಾರಾದರೂ ಬಡಿದರೆ ಬಾಗಿಲು ತೆಗೀರಿ, ಕೂರಿಸಿ, ಬೇಕಾದರೆ ಟೀನೂ ಕೊಡಿ. ಸಹಿ ಮಾತ್ರ ಕೊಡಬೇಡಿ.